ಹುಣ್ಣಿಮೆಗೆ ಮೊದಲು ತೋಳ ಹೇಗಿತ್ತು?

ತೋಳಮನುಷ್ಯನ ಬಗ್ಗೆ ಯಾರನ್ನಾದರೂ ಕೇಳಿ ನೋಡಿ. ಅಂಥ ಒಂದೂ ಪುಸ್ತಕ ಓದದವರು ಕೂಡ ಮೂರು ವಿಷಯ ಥಟ್ಟನೆ ಹೇಳುತ್ತಾರೆ. ಹುಣ್ಣಿಮೆ ರಾತ್ರಿ ಅವನು ತೋಳ ಆಗುತ್ತಾನೆ. ಅವನ ಕೈಲಿ ಕಚ್ಚಿಸಿಕೊಂಡವನೂ ತೋಳ ಆಗುತ್ತಾನೆ. ಬೆಳ್ಳಿಯ ಗುಂಡು ತಗುಲಿದರೆ ಮಾತ್ರ ಸಾಯುತ್ತಾನೆ.

ಈಗ ‘ವ್ಯಾಗ್ನರ್ ದಿ ವೇರ್‌ವುಲ್ಫ್’ ತೆಗೆಯಿರಿ. 1846ರಲ್ಲಿ ಲಂಡನ್ನಿನ ಒಂದು ಪೆನ್ನಿ ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಶುರುವಾದ ಕಾದಂಬರಿ ಅದು. ಬರೆದವರು ಜಿ. ಡಬ್ಲ್ಯು. ಎಂ. ರೆನಾಲ್ಡ್ಸ್. ಅದರಲ್ಲಿ ಹುಣ್ಣಿಮೆಯ ಲೆಕ್ಕವೇ ಇಲ್ಲ. ತಿಂಗಳ ಕೊನೆಯ ದಿನ ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ವ್ಯಾಗ್ನರ್ ತೋಳ ಆಗುತ್ತಾನೆ. ಸಂಬಳದ ದಿನದ ಹಾಗೆ, ಕ್ಯಾಲೆಂಡರ್ ನೋಡಿಕೊಂಡು ಬರುವ ಶಾಪ! ಅವನನ್ನು ಯಾರೂ ಕಚ್ಚಿಯೂ ಇಲ್ಲ. ಜರ್ಮನಿಯ ಕಾಡಿನ ಗುಡಿಸಲಲ್ಲಿ ಒಂಟಿಯಾಗಿ ಕೂತಿದ್ದ ಮುದುಕ ಅವನು. ಬಂದ ಅತಿಥಿಯೊಬ್ಬ ಯೌವನ, ರೂಪ, ಹಣ ಎಲ್ಲಾ ಕೊಡುತ್ತೇನೆ ಅಂದ. ಮುದುಕ ಒಪ್ಪಿಕೊಂಡ. ತೋಳ ಆಗುವುದು ಅದಕ್ಕೆ ತೆರುವ ಬೆಲೆ.

ನನಗೆ ಈ ಹಳೇ ಕಾದಂಬರಿಗಳ ಹುಚ್ಚು ಹಿಡಿದದ್ದು ಹೀಗೆಯೇ. ಎಲ್ಲ ನಿಯಮ ಗೊತ್ತು ಅಂದುಕೊಂಡು ಓದಲು ಕೂತೆ. ಒಂದೂ ಹೊಂದಲಿಲ್ಲ.

ಹಾಗಾದರೆ ನಮಗೆ ಗೊತ್ತಿರುವ ನಿಯಮಗಳು ಎಲ್ಲಿಂದ ಬಂದವು? ಬಹುಪಾಲು ಸಿನಿಮಾದಿಂದ. 1941ರ ‘ದಿ ವುಲ್ಫ್ ಮ್ಯಾನ್’ ಚಿತ್ರಕ್ಕೆ ಕಥೆ ಬರೆದವರು ಕರ್ಟ್ ಸಿಯೋಡ್‌ಮಾಕ್. ಹಿಟ್ಲರ್ ಅಧಿಕಾರಕ್ಕೆ ಬಂದ ಮೇಲೆ ಜರ್ಮನಿ ಬಿಟ್ಟು ಬಂದ ಯಹೂದಿ. ಆ ಚಿತ್ರದಲ್ಲಿ ಒಂದು ಪದ್ಯ ಬರುತ್ತದೆ. ಮನಸ್ಸು ಶುದ್ಧವಾಗಿರುವವನು, ರಾತ್ರಿ ಮಲಗುವ ಮುಂಚೆ ಪ್ರಾರ್ಥನೆ ಮಾಡುವವನು ಕೂಡ ತೋಳ ಆಗಬಹುದು ಅನ್ನುವುದು ಅದರ ಸಾರ. ಯುರೋಪಿನ ಯಾವುದೋ ಹಳ್ಳಿಯ ಹಳೇ ಹಾಡು ಅಂತ ತುಂಬಾ ಜನ ಈಗಲೂ ನಂಬಿದ್ದಾರೆ. ಅಲ್ಲ, ಅದು ಸಿಯೋಡ್‌ಮಾಕ್ ಬರೆದದ್ದು. ಮುಂದೆ ಯಾರು ಸಾಯುತ್ತಾರೋ ಅವರ ಅಂಗೈಯಲ್ಲಿ ತೋಳಮನುಷ್ಯನಿಗೆ ನಕ್ಷತ್ರದ ಗುರುತು ಕಾಣಿಸುತ್ತದೆ ಅನ್ನುವುದೂ ಆ ಚಿತ್ರದ್ದೇ. ನಾಜಿಗಳು ಯಹೂದಿಗಳ ಬಟ್ಟೆಗೆ ನಕ್ಷತ್ರ ಹೊಲಿಸುತ್ತಿದ್ದ ಕಾಲ ಅದು. ನೆನೆದರೆ ಮೈ ಜುಮ್ಮೆನ್ನುತ್ತದೆ.

ಬೆಳ್ಳಿಯ ಮಾತು ಅದಕ್ಕೆ ಮೊದಲೇ ಜನಪದ ಕಥೆಗಳಲ್ಲಿ ಅಲ್ಲೊಂದು ಇಲ್ಲೊಂದು ಇತ್ತು. ಬೆಳದಿಂಗಳೂ ಇತ್ತು. ಸುಮಾರು ಎರಡು ಸಾವಿರ ವರ್ಷದ ಹಿಂದೆ ರೋಮಿನ ಪೆಟ್ರೋನಿಯಸ್ ಬರೆದ ಕಥೆಯಲ್ಲಿ ಒಬ್ಬ ಸಿಪಾಯಿ ಸಮಾಧಿಗಳ ನಡುವೆ ಬಟ್ಟೆ ಬಿಚ್ಚಿಟ್ಟು, ಸುತ್ತ ಮೂತ್ರ ಹುಯ್ದು ತೋಳ ಆಗುತ್ತಾನೆ. ಆಗ ಹಗಲಿನಂಥ ಬೆಳದಿಂಗಳು. ಆದರೆ ಇವೆಲ್ಲ ಬಿಡಿ ಬಿಡಿ ಸಂಗತಿಗಳು. ಅವನ್ನು ಸೇರಿಸಿ ಕಾಯಂ ನಿಯಮ ಮಾಡಿದ್ದು ಸಿನಿಮಾ. ಹಳೇ ಕಾದಂಬರಿ ಬರೆದವರಿಗೆ ಆ ಕಟ್ಟು ಇರಲಿಲ್ಲ.

ರಕ್ತಪಿಶಾಚಿಗೆ ‘ಡ್ರಾಕುಲಾ’ ಇದೆ. ಆಮೇಲೆ ಬರೆದವರೆಲ್ಲ ಅದನ್ನು ಅನುಸರಿಸಬೇಕು, ಇಲ್ಲ ಅದರ ಜೊತೆ ಜಗಳ ಆಡಬೇಕು. ತೋಳಮನುಷ್ಯನಿಗೆ ಅಂಥ ಮೂಲಗ್ರಂಥವೇ ಇಲ್ಲ. ಇದನ್ನು ಕೊರತೆ ಅನ್ನುವವರಿದ್ದಾರೆ. ನನಗೆ ಇದೇ ಇಷ್ಟ. ಪ್ರತಿ ಲೇಖಕರೂ ಒಂದು ಪ್ರಶ್ನೆಗೆ ಹೊಸದಾಗಿ ಉತ್ತರ ಹುಡುಕಬೇಕಾಯಿತು: ಈ ಮನುಷ್ಯ ತೋಳ ಆದದ್ದು ಹೇಗೆ? ಅದರ ಹಿಂದೆಯೇ ಇನ್ನೊಂದು ಪ್ರಶ್ನೆ ಬಂದು ನಿಲ್ಲುತ್ತದೆ. ಹಾಗಾದರೆ ತಪ್ಪು ಯಾರದು? ಈ ಕಾದಂಬರಿಗಳು ನೂರು ನೂರೈವತ್ತು ವರ್ಷವಾದರೂ ಹಿಡಿದು ಕೂರಿಸುವುದು ಈ ಎರಡನೇ ಪ್ರಶ್ನೆಯಿಂದ ಅಂತ ನನ್ನ ಲೆಕ್ಕ. ರಕ್ತ, ಊಳಿಡುವುದು, ಹಲ್ಲು ಮಸೆಯುವುದು ಎಲ್ಲಾ ಆಮೇಲೆ.

ಮುಂದೆ ಹೋಗುವ ಮುಂಚೆ ಹೆಸರಿನ ಬಗ್ಗೆ ಒಂದು ಮಾತು. ‘ವೇರ್‌ವುಲ್ಫ್’ನ ‘ವೇರ್’ ಅಂದರೆ ಹಳೇ ಇಂಗ್ಲಿಷಿನಲ್ಲಿ ಗಂಡಸು. ಅದು ನಮ್ಮ ‘ವೀರ’ ಪದದ ದೂರದ ನೆಂಟ. ‘ವುಲ್ಫ್’ ಕೂಡ ಸಂಸ್ಕೃತದ ‘ವೃಕ’ದ ನೆಂಟನೇ. ಭೀಮನನ್ನು ವೃಕೋದರ, ತೋಳದ ಹೊಟ್ಟೆಯವನು ಅನ್ನುತ್ತೇವಲ್ಲ, ಅದೇ ವೃಕ. ಅಂದರೆ ವೇರ್‌ವುಲ್ಫ್ ಅನ್ನುವುದನ್ನು ಒಂದೊಂದೇ ಪದ ಹಿಡಿದು ನಮ್ಮ ಕಡೆ ಎಳೆದುಕೊಂಡರೆ ‘ವೀರವೃಕ’ ಆಗುತ್ತದೆ. ಯಕ್ಷಗಾನದ ಪಾತ್ರದ ಹೆಸರಿನ ಹಾಗಿದೆ, ಅಲ್ವಾ?

ನಮ್ಮಲ್ಲಿ ತೋಳ ಇಲ್ಲ ಅಂತಲ್ಲ. ಕೊಪ್ಪಳದ ಕಡೆಯ ಬಯಲಿನಲ್ಲಿ ಈಗಲೂ ಇದೆ. ಕುರಿ ಕಾಯುವವರಿಗೆ ಅದು ಕುರಿ ಕದಿಯುವ ಕಳ್ಳ, ಪಿಶಾಚಿ ಅಲ್ಲ. ಊರಿನವರು ಯಾವ ಪ್ರಾಣಿಗೆ ಹೆದರುತ್ತಾರೋ ಮನುಷ್ಯ ಆ ಪ್ರಾಣಿಯೇ ಆಗುತ್ತಾನೆ. ನಾಗಾ ಬೆಟ್ಟಗಳ ಕಥೆಗಳಲ್ಲಿ ಹುಲಿ ಆಗುತ್ತಾನೆ. ಯುರೋಪಿನಲ್ಲಿ ತೋಳ.

ಯುರೋಪಿನಲ್ಲಿ ಅದು ಬರೀ ಕಥೆಯಾಗಿ ಉಳಿಯಲಿಲ್ಲ, ಕೋರ್ಟಿನವರೆಗೂ ಹೋಯಿತು. 1589ರಲ್ಲಿ ಜರ್ಮನಿಯ ಕಲೋನ್ ಹತ್ತಿರದ ಬೆಡ್‌ಬರ್ಗ್‌ನಲ್ಲಿ ಪೀಟರ್ ಸ್ಟುಂಪ್ ಅನ್ನುವವನನ್ನು ಚಿತ್ರಹಿಂಸೆ ಕೊಟ್ಟು ಕೊಂದರು. ಸೈತಾನ ಒಂದು ಸೊಂಟಪಟ್ಟಿ ಕೊಟ್ಟಿದ್ದ, ಕಟ್ಟಿಕೊಂಡರೆ ತೋಳ ಆಗುತ್ತಿದ್ದೆ ಅಂತ ಅವನು ಒಪ್ಪಿಕೊಂಡಿದ್ದ. ಹಿಂಸೆಗೆ ಹೆದರಿದವನು ಏನು ತಾನೇ ಒಪ್ಪಿಕೊಳ್ಳುವುದಿಲ್ಲ? ಮುಂದಿನ ವರ್ಷವೇ ಲಂಡನ್ನಿನಲ್ಲಿ ಆ ಸುದ್ದಿಯ ಕಿರುಪುಸ್ತಕ ಮಾರಾಟಕ್ಕೆ ಬಂತು. 1603ರಲ್ಲಿ ಫ್ರಾನ್ಸಿನ ಬೋರ್ಡೋದಲ್ಲಿ ಇನ್ನೊಂದು ಪ್ರಕರಣ. ಜಾನ್ ಗ್ರೆನಿಯೇ ಅನ್ನುವ ಹುಡುಗ, ವಯಸ್ಸು ಹದಿಮೂರೋ ಹದಿನಾಲ್ಕೋ. ಕಾಡಿನ ಒಡೆಯ ತನಗೆ ತೋಳದ ತೊಗಲು, ಮುಲಾಮು ಕೊಟ್ಟಿದ್ದಾನೆ, ಮಕ್ಕಳನ್ನು ತಿಂದಿದ್ದೇನೆ ಅಂತ ಅವನೇ ಹೇಳಿಕೊಂಡ. ಕೋರ್ಟು ಅವನನ್ನು ಸುಡಲಿಲ್ಲ. ಇವನಿಗೆ ಬುದ್ಧಿ ಸ್ಥಿಮಿತದಲ್ಲಿಲ್ಲ ಅಂತ ಹೇಳಿ ಜೀವನಪೂರ್ತಿ ಒಂದು ಮಠದಲ್ಲಿ ಇರಿಸಿತು.

ಈ ಎರಡು ತೀರ್ಪುಗಳ ನಡುವೆ ಹದಿನಾಲ್ಕೇ ವರ್ಷ. ಒಂದು ಕಡೆ ಪಾಪಿ, ಇನ್ನೊಂದು ಕಡೆ ರೋಗಿ. ಕಾದಂಬರಿಕಾರರು ಆಮೇಲೆ ಓಡಾಡಿದ್ದೆಲ್ಲ ಈ ಎರಡರ ನಡುವೆಯೇ. ಇಂಥ ಪ್ರಕರಣಗಳನ್ನು ಒಟ್ಟುಮಾಡಿ 1865ರಲ್ಲಿ ಪುಸ್ತಕ ತಂದವರು ಸೇಬಿನ್ ಬೇರಿಂಗ್-ಗೋಲ್ಡ್ ಅನ್ನುವ ಇಂಗ್ಲಿಷ್ ಪಾದ್ರಿ. ಚರ್ಚುಗಳಲ್ಲಿ ಹಾಡುವ ಪ್ರಸಿದ್ಧ ಭಕ್ತಿಗೀತೆಯೊಂದನ್ನು ಬರೆದವರೂ ಅವರೇ. ಎರಡನ್ನೂ ಒಬ್ಬರೇ ಬರೆದರು ಅಂದರೆ ನಂಬುವುದು ಕಷ್ಟ.

ಮೊದಮೊದಲ ಕಾದಂಬರಿಗಳು ಪಾಪದ ಕಡೆಗೆ ವಾಲುತ್ತವೆ. ರೆನಾಲ್ಡ್ಸ್ ಅವರ ವ್ಯಾಗ್ನರ್ ತಾನಾಗಿಯೇ ಒಪ್ಪಿ ಶಾಪ ಕೊಂಡುಕೊಂಡವನು. ಈ ಕಾದಂಬರಿ ನಿಜಕ್ಕೂ ಉದ್ದ, ಪ್ರತಿ ಅಧ್ಯಾಯಕ್ಕೂ ಒಂದು ಕೊಲೆಯೋ ಅಪಹರಣವೋ ಆಗಲೇಬೇಕು. ವಾರದ ಕಂತು ಅಂದರೆ ಹಾಗೇ ಅಲ್ವಾ? ಸರಿಯಾದ ಜಾಗದಲ್ಲಿ ನಿಲ್ಲಿಸದಿದ್ದರೆ ಮುಂದಿನ ವಾರ ಓದುಗ ಪೆನ್ನಿ ಬಿಚ್ಚುವುದಿಲ್ಲ. ಸಾಹಿತ್ಯದ ಚರಿತ್ರೆಗಳಲ್ಲಿ ರೆನಾಲ್ಡ್ಸ್‌ಗೆ ಜಾಗ ಕಡಿಮೆ. ಆದರೆ 19ನೇ ಶತಮಾನದ ಭಾರತದಲ್ಲಿ ತುಂಬಾ ಜಾಸ್ತಿ ಓದಿಸಿಕೊಂಡ ಇಂಗ್ಲಿಷ್ ಕಾದಂಬರಿಕಾರರಲ್ಲಿ ಅವರೊಬ್ಬರು. ನಮ್ಮ ಮುತ್ತಜ್ಜಂದಿರ ಕಾಲದ ಲೈಬ್ರರಿಗಳಲ್ಲಿ ಡಿಕನ್ಸ್ ಪಕ್ಕದಲ್ಲೇ ಇದ್ದವರು.

ಅಲೆಕ್ಸಾಂಡರ್ ದ್ಯೂಮಾ 1857ರಲ್ಲಿ ತಮ್ಮ ಹುಟ್ಟೂರಿನ ಕಾಡನ್ನೇ ಇಟ್ಟುಕೊಂಡು ಬರೆದ ‘ತೋಳಗಳ ನಾಯಕ’ ಇನ್ನೂ ಚೂಪು. ಮರದ ಬೂಟು ಕೆತ್ತುವ ತಿಬೋ ಅನ್ನುವವನು ಒಂದು ಕರೀ ತೋಳದ ಜೊತೆ ವ್ಯಾಪಾರ ಮಾಡುತ್ತಾನೆ. ಬೇರೆಯವರಿಗೆ ಅವನು ಬಯಸಿದ ಕೇಡು ನಡೆಯುತ್ತದೆ. ಬೆಲೆ ಬರೀ ಕೂದಲು. ಮೊದಲ ಬಯಕೆಗೆ ಒಂದು ಕೂದಲು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ನಾಲ್ಕು. ಹೀಗೆ ತೋಳದ ಪಾಲಿಗೆ ಹೋದ ಕೂದಲು ಕೆಂಪಾಗುತ್ತಾ ಹೋಗುತ್ತದೆ. ಚದುರಂಗದ ಮನೆಗಳಿಗೆ ಅಕ್ಕಿಕಾಳು ಇಡುವ ನಮ್ಮ ಕಥೆ ಗೊತ್ತಿದ್ದವರು ಇಲ್ಲೇ ನಗುತ್ತಾರೆ. ನಾನು ಕೂತು ಲೆಕ್ಕ ಹಾಕಿದೆ. ಹತ್ತು ಬಯಕೆಗೆ ಒಟ್ಟು 1,023 ಕೂದಲು, ಚಿಂತೆ ಇಲ್ಲ. ಹದಿನೇಳಕ್ಕೆ 1,31,071. ಮನುಷ್ಯನ ತಲೆಯಲ್ಲಿ ಇರುವುದೇ ಸುಮಾರು ಒಂದು ಲಕ್ಷ! ತಿಬೋ ತೋಳ ಆಗುವುದು ಒಂದು ರಾತ್ರಿಯಲ್ಲಿ ಅಲ್ಲ. ಹೊಟ್ಟೆಕಿಚ್ಚಿನ ಒಂದೊಂದು ಕಂತಿನಲ್ಲಿ. ಇಲ್ಲಿ ಲೇಖಕರು ತಪ್ಪು ಯಾರದು ಅಂತ ವಾದ ಮಾಡುವುದಿಲ್ಲ. ಕೂದಲು ಎಣಿಸುತ್ತಾರೆ ಅಷ್ಟೇ.

ಭಾರತದಲ್ಲೇ ನಡೆಯುವ ಒಂದು ಕಥೆಯೂ ಇದೆ. ಕಾದಂಬರಿಯಲ್ಲ, ಸಣ್ಣಕಥೆ. ರಡ್ಯಾರ್ಡ್ ಕಿಪ್ಲಿಂಗ್ 1890ರಲ್ಲಿ ಬರೆದದ್ದು. ಹೊಸ ವರ್ಷದ ಹಿಂದಿನ ರಾತ್ರಿ ಕುಡಿದ ಒಬ್ಬ ಬಿಳಿಯ ಹನುಮಂತನ ಗುಡಿಗೆ ನುಗ್ಗಿ ಮೂರ್ತಿಯ ಹಣೆಗೆ ಸಿಗಾರಿನ ಬೂದಿ ಉಜ್ಜುತ್ತಾನೆ. ಗುಡಿಯಲ್ಲಿದ್ದ ಕುಷ್ಠರೋಗಿಯೊಬ್ಬ ಬಂದು ಅವನ ಎದೆಗೆ ತಲೆ ಒತ್ತುತ್ತಾನೆ. ಆಮೇಲೆ ಆ ಬಿಳಿಯ ಹಸಿ ಮಾಂಸ ಕೇಳುತ್ತಾನೆ, ತೋಟದ ಮಣ್ಣಿನಲ್ಲಿ ಹೊರಳುತ್ತಾನೆ, ತೋಳದ ಹಾಗೆ ಊಳಿಡುತ್ತಾನೆ. ಶಾಪ ತೆಗೆಸಲು ಅವನ ಗೆಳೆಯರು ಆ ರೋಗಿಯನ್ನು ಹಿಡಿದು ಹಿಂಸೆ ಕೊಡುತ್ತಾರೆ. ಕಿಪ್ಲಿಂಗ್ ಈ ದೇಶವನ್ನು ನೋಡುವ ರೀತಿ ನಮಗೆ ಚುಚ್ಚುತ್ತದೆ, ಚುಚ್ಚಲೇಬೇಕು. ಆದರೆ ಆ ರಾತ್ರಿ ನಿಜವಾದ ಮೃಗ ಯಾರು ಅನ್ನುವ ಅನುಮಾನ ಬರೆದವರಿಗೇ ಬಂದಿದೆ. ತಾವು ಮಾಡಿದ್ದು ನಾಚಿಕೆಗೇಡು ಅಂತ ಕಥೆ ಹೇಳುವವನೇ ಕೊನೆಗೆ ಒಪ್ಪಿಕೊಳ್ಳುತ್ತಾನೆ.

ಇಷ್ಟೆಲ್ಲಾ ಆದ ಮೇಲೆ 1933ಕ್ಕೆ ಬರೋಣ. ಇಡೀ ಗುಂಪಿನಲ್ಲಿ ಒಂದೇ ಓದುವುದಿದ್ದರೆ ಇದನ್ನೇ ಓದಿ ಅನ್ನುತ್ತೇನೆ. ಅಮೆರಿಕದ ಗೈ ಎಂಡೋರ್ ಬರೆದ ‘ದಿ ವೇರ್‌ವುಲ್ಫ್ ಆಫ್ ಪ್ಯಾರಿಸ್’. ಬರ್ಟ್ರಾಂಡ್ ಅನ್ನುವ ಹುಡುಗನ ಕಥೆ. ಒಬ್ಬ ಪಾದ್ರಿ ಮನೆಗೆಲಸದ ಹುಡುಗಿಯ ಮೇಲೆ ಅತ್ಯಾಚಾರ ಮಾಡಿದ್ದರಿಂದ ಹುಟ್ಟಿದವನು. ಹುಟ್ಟಿದ್ದು ಕ್ರಿಸ್‌ಮಸ್‌ನ ಹಿಂದಿನ ರಾತ್ರಿ. ಏಸು ಹುಟ್ಟಿದ ಹೊತ್ತಿನಲ್ಲಿ ಹುಟ್ಟುವುದು ಅಪಶಕುನ ಅನ್ನುವ ಹಳೇ ನಂಬಿಕೆ ಇತ್ತಂತೆ. ಇವನು ಯಾರ ಜೊತೆಗೂ ಒಪ್ಪಂದ ಮಾಡಿಕೊಂಡಿಲ್ಲ, ಏನನ್ನೂ ಬಯಸಿಲ್ಲ. ತಪ್ಪು ಯಾರದು ಅನ್ನುವ ಪ್ರಶ್ನೆ ಇಲ್ಲಿ ಮೊದಲ ಸಲ ನಿಜವಾಗಿ ತೊಡಕಾಗುತ್ತದೆ.

ಎಂಡೋರ್‌ಗೆ ಎಳೆ ಸಿಕ್ಕಿದ್ದು ಒಂದು ನಿಜ ಪ್ರಕರಣದಲ್ಲಿ. 1849ರಲ್ಲಿ ಪ್ಯಾರಿಸ್ಸಿನಲ್ಲಿ ಬರ್ಟ್ರಾಂಡ್ ಅನ್ನುವ ಹೆಸರಿನದೇ ಸೈನ್ಯದ ಸಾರ್ಜೆಂಟ್ ಒಬ್ಬ ಸಿಕ್ಕಿಬಿದ್ದ. ರಾತ್ರಿ ಹೊತ್ತು ಗೋರಿ ಅಗೆದು ಹೆಣಗಳನ್ನು ಹಾಳು ಮಾಡುತ್ತಿದ್ದವನು. ಅವನಿಗೆ ಆದದ್ದು ಒಂದು ವರ್ಷ ಜೈಲು. ಎಂಡೋರ್ ಆ ಮನುಷ್ಯನನ್ನು ಇಪ್ಪತ್ತು ವರ್ಷ ಮುಂದಕ್ಕೆ ತಂದು 1870–71ರ ಪ್ಯಾರಿಸ್ಸಿನಲ್ಲಿ ನಿಲ್ಲಿಸಿದರು. ಅಲ್ಲಿ ಪ್ರಶ್ಯದ ಸೈನ್ಯದ ಮುತ್ತಿಗೆ. ಜನ ಹಸಿವಿನಿಂದ ಇಲಿ ತಿನ್ನುತ್ತಿದ್ದಾರೆ. ಆಮೇಲೆ ಪ್ಯಾರಿಸ್ ಕಮ್ಯೂನ್, ಕಾರ್ಮಿಕರು ನಗರವನ್ನು ತಾವೇ ಆಳಿದ 72 ದಿನ. 1871ರ ಮೇ ಕೊನೆಯ ವಾರದಲ್ಲಿ ಸರ್ಕಾರದ ಸೈನ್ಯ ಒಳನುಗ್ಗಿ ಸಾವಿರಾರು ಜನರನ್ನು ಗೋಡೆಗೆ ನಿಲ್ಲಿಸಿ ಗುಂಡಿಟ್ಟು ಕೊಂದಿತು.

ಈ ಜಾಗದಲ್ಲಿ ಒಬ್ಬ ತೋಳಮನುಷ್ಯನನ್ನು ಬಿಟ್ಟರೆ ಏನಾಗುತ್ತದೆ? ಅವನು ಸಣ್ಣವನಾಗಿ ಕಾಣುತ್ತಾನೆ. ಅದೇ ಎಂಡೋರ್ ಅವರ ಕೈಚಳಕ. ಅವನು ಕೊಂದದ್ದು ಬೆರಳಲ್ಲಿ ಎಣಿಸುವಷ್ಟು. ಸಮವಸ್ತ್ರ ಹಾಕಿಕೊಂಡವರು ಹಗಲಲ್ಲೇ, ಆರ್ಡರ್ ಹಿಡಿದುಕೊಂಡು ಕೊಂದದ್ದಕ್ಕೆ ಲೆಕ್ಕವಿಲ್ಲ. ವಿಚಾರಣೆಗೆ ನಿಲ್ಲುವವನು ಮಾತ್ರ ಇವನು. ಕಾದಂಬರಿಯ ಬಹುಭಾಗ ಅವನ ಪರವಾಗಿ ಬರೆದ ಅರ್ಜಿಯ ರೂಪದಲ್ಲಿದೆ. ಅವನನ್ನು ಸಾಕಿದ ಏಮಾರ್ ಅನ್ನುವವನು ಸೈನಿಕ ಕೋರ್ಟಿಗೆ ಬರೆದದ್ದು. ಆ ಏಮಾರ್‌ಗೂ ಹುಡುಗನನ್ನು ಉಳಿಸಬೇಕೋ ಮುಗಿಸಬೇಕೋ ಅನ್ನುವುದು ಸುಲಭಕ್ಕೆ ತೀರ್ಮಾನವಾಗುವುದಿಲ್ಲ.

ನಡುವೆ ಒಂದು ಪ್ರೇಮಕಥೆ ಬೇರೆ. ಸೋಫಿ ಅನ್ನುವ ಶ್ರೀಮಂತರ ಮನೆಯ ಹುಡುಗಿ, ಅವನು ಹೊರಗೆ ಹೋಗಿ ಯಾರನ್ನೂ ಕೊಲ್ಲದಿರಲಿ ಅಂತ ತನ್ನ ರಕ್ತವನ್ನೇ ಅವನಿಗೆ ಕುಡಿಸುತ್ತಾಳೆ. ಅವಳ ಮೈತುಂಬ ಗಾಯ. ಓದುವಾಗ ಹಿಂಸೆಯಾಗುತ್ತದೆ, ಆದರೆ ಪುಸ್ತಕ ಕೆಳಗಿಡಲು ಆಗುವುದಿಲ್ಲ. ಅವನು ನಿಜಕ್ಕೂ ತೋಳ ಆಗುತ್ತಾನೋ, ತಲೆ ಕೆಟ್ಟು ಹಾಗಂದುಕೊಳ್ಳುತ್ತಾನೋ ಅನ್ನುವುದನ್ನೂ ಎಂಡೋರ್ ಪೂರ್ತಿ ಬಿಡಿಸಿ ಹೇಳುವುದಿಲ್ಲ. ಬೋರ್ಡೋದ ಕೋರ್ಟಿನ ಮುಂದಿದ್ದ ಪ್ರಶ್ನೆಯೇ ಮತ್ತೆ ಬಂತು ನೋಡಿ. 1961ರಲ್ಲಿ ಇದನ್ನು ಸಿನಿಮಾ ಮಾಡಿದವರು ಕಥೆಯನ್ನು ಸ್ಪೇನ್‌ಗೆ ಸಾಗಿಸಿ ಕಮ್ಯೂನನ್ನೇ ಕೈಬಿಟ್ಟರು. ಸಾರು ತೆಗೆದು ಬರೀ ಒಗ್ಗರಣೆ ಬಡಿಸಿದ ಹಾಗೆ.

ಇದೇ ಹೊತ್ತಿನಲ್ಲಿ ಅಮೆರಿಕದ ಅಗ್ಗದ ಕಾಗದದ ಪತ್ರಿಕೆಗಳಲ್ಲಿ ಇನ್ನೊಂದು ಬದಲಾವಣೆ ಆಗುತ್ತಿತ್ತು. ‘ವಿಯರ್ಡ್ ಟೇಲ್ಸ್’ಗೆ 1924ರಲ್ಲಿ ಭಯಾನಕ ಕಥೆಗಳ ಲೇಖಕ ಎಚ್. ಪಿ. ಲವ್‌ಕ್ರಾಫ್ಟ್ ಒಂದು ಪತ್ರ ಬರೆದರು. ಯಾಕೆ ಯಾರೂ ತೋಳದ ಕಡೆಯಿಂದ ಕಥೆ ಹೇಳುವುದಿಲ್ಲ ಅಂತ ಕೇಳಿದರು. ಎಚ್. ವಾರ್ನರ್ ಮನ್ ಅನ್ನುವ ಯುವಕ ಅದನ್ನು ಓದಿ ಮುಂದಿನ ವರ್ಷವೇ ಅಂಥ ಕಥೆ ಬರೆದುಕೊಟ್ಟ. ಅಲ್ಲಿಂದ ಓದುಗ ತೋಳದ ತೊಗಲಿನೊಳಗೆ ಕೂತ.

ಈ ದಾರಿಯಲ್ಲಿ ತುಂಬಾ ದೂರ ಹೋದವರು ಜ್ಯಾಕ್ ವಿಲಿಯಮ್ಸನ್. ‘ಡಾರ್ಕರ್ ದ್ಯಾನ್ ಯು ಥಿಂಕ್’ 1940ರಲ್ಲಿ ಪತ್ರಿಕೆಯಲ್ಲಿ ಬಂತು, 1948ರಲ್ಲಿ ಬೆಳೆದು ಪುಸ್ತಕವಾಯಿತು. ವಿಲ್ ಬಾರ್ಬಿ ಅನ್ನುವ ಪತ್ರಕರ್ತ ಒಂದರ ಹಿಂದೆ ಒಂದು ಸಾವಿನ ಬೆನ್ನು ಹತ್ತುತ್ತಾನೆ. ರಾತ್ರಿ ಕನಸಿನಲ್ಲಿ ತಾನು ತೋಳವಾಗಿ ಒಬ್ಬರನ್ನು ಕೊಂದಂತೆ ಕಾಣುತ್ತಾನೆ. ಬೆಳಿಗ್ಗೆ ನೋಡಿದರೆ ಅವರು ನಿಜಕ್ಕೂ ಸತ್ತಿದ್ದಾರೆ. ಪತ್ತೇದಾರಿ ಕಥೆಯಲ್ಲಿ ಕೊಲೆಗಾರ ಯಾರು ಅಂತ ಹುಡುಕುತ್ತೇವೆ. ಇಲ್ಲಿ ಹುಡುಕುವವನೇ ಬೆಳಿಗ್ಗೆ ಎದ್ದು ತನ್ನ ಉಗುರು ನೋಡಿಕೊಳ್ಳಬೇಕು. ಕಾರಣವಾಗಿ ವಿಲಿಯಮ್ಸನ್ ಕೊಡುವುದು ವಂಶವಾಹಿ. ಮನುಷ್ಯರ ರಕ್ತದಲ್ಲೇ ಹಳೇ ಶತ್ರುಜಾತಿಯೊಂದರ ಅಂಶ ಅಡಗಿದೆ ಅನ್ನುತ್ತಾರೆ. ಆ ವಿಜ್ಞಾನ ಈಗ ಓದಿದರೆ ನಗು ಬರುತ್ತದೆ. ಆದರೆ ತೋಳವಾಗಿ ಓಡುವಾಗ ಬಾರ್ಬಿಗೆ ಆಗುವ ಖುಷಿ ಇದೆಯಲ್ಲ, ಅದು ಮಾತ್ರ ಹಳತಾಗಿಲ್ಲ. ಮೂಗಿಗೆ ಬಡಿಯುವ ವಾಸನೆಗಳು, ದಣಿವೇ ಇಲ್ಲದ ಕಾಲುಗಳು. ಹಗಲಿನ ಅವನ ಬದುಕು ಬರೀ ಕುಡಿತ, ಬೇಸರ. ಅಯ್ಯೋ ತೋಳ ಆದನಲ್ಲ ಅನ್ನುವ ಬದಲು ಮತ್ತೆ ಯಾವಾಗ ಆಗುತ್ತಾನೆ ಅಂತ ಕಾಯುತ್ತೇವೆ. ಆಗ ತಪ್ಪಿನಲ್ಲಿ ನಮ್ಮದೂ ಸ್ವಲ್ಪ ಪಾಲು ಬರುತ್ತದೆ.

1970–80ರ ದಶಕದ ದಪ್ಪ ಪೇಪರ್‌ಬ್ಯಾಕ್‌ಗಳನ್ನು ನಾನು ಬೇಗ ದಾಟುತ್ತೇನೆ. ಕಪ್ಪು ಮುಖಪುಟ, ಉಬ್ಬಿದ ಅಕ್ಷರ, ಎರಡು ಹಳದಿ ಕಣ್ಣು. ಸಂಗ್ರಹಿಸುವವರಿಗೆ ಅವು ಚಿನ್ನ, ಓದುವವರಿಗೆ ಮಿಶ್ರ ಫಲ. ಹೆಣ್ಣಿನ ಮೇಲಿನ ಹಿಂಸೆಯನ್ನು ಮಸಾಲೆಯ ಹಾಗೆ ಬಳಸಿದವು ಎಷ್ಟೋ. ಅವುಗಳಲ್ಲಿ ವಿಟ್ಲಿ ಸ್ಟ್ರೀಬರ್ ಅವರ ‘ದಿ ವುಲ್ಫನ್’ ಬೇರೆ ಥರ. 1978ರದು. ಅದರಲ್ಲಿ ಮನುಷ್ಯ ತೋಳ ಆಗುವುದೇ ಇಲ್ಲ. ನ್ಯೂಯಾರ್ಕಿನ ಪಾಳುಬಿದ್ದ ಬೀದಿಗಳಲ್ಲಿ ನಮ್ಮಷ್ಟೇ ಬುದ್ಧಿಯ ಇನ್ನೊಂದು ಜಾತಿ ಮೊದಲಿಂದಲೂ ಇದೆ, ಯಾರೂ ಹುಡುಕದ ಬಡವರನ್ನು ತಿಂದು ಬದುಕುತ್ತಿದೆ. ಅಷ್ಟು ಜನ ಕಾಣೆಯಾದರೂ ನಗರಕ್ಕೆ ಗೊತ್ತಾಗಲಿಲ್ಲ ಅನ್ನುವುದೇ ಅಲ್ಲಿನ ಹೆದರಿಕೆ.

ಸ್ಟೀಫನ್ ಕಿಂಗ್ 1983ರಲ್ಲಿ ಬರೆದ ಸಣ್ಣ ಪುಸ್ತಕ ಶುರುವಾದದ್ದು ಒಂದು ಕ್ಯಾಲೆಂಡರಿಗೆ ಅಂತ. ತಿಂಗಳಿಗೊಂದು ಹುಣ್ಣಿಮೆ, ಹನ್ನೆರಡು ಅಧ್ಯಾಯ. ಅವರು ಹುಣ್ಣಿಮೆಗಳನ್ನು ಹಬ್ಬದ ದಿನಗಳ ಮೇಲೆ ಕೂರಿಸುತ್ತಾ ಹೋಗಿದ್ದಾರೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸುಮಾರು ಇಪ್ಪತ್ತೊಂಬತ್ತೂವರೆ ದಿನ. ಒಂದೇ ವರ್ಷದಲ್ಲಿ ಅದು ಹಾಗೆಲ್ಲ ಬೀಳಲು ಸಾಧ್ಯವಿಲ್ಲ ಅಂತ ಪಂಚಾಂಗ ನೋಡುವ ಯಾವ ಅಜ್ಜಿಯೂ ಹೇಳಿಯಾಳು. ಕಿಂಗ್ ಕೂಡ ಟಿಪ್ಪಣಿ ಹಾಕಿ ಒಪ್ಪಿಕೊಂಡಿದ್ದಾರೆ. ಸಿನಿಮಾ ಹಾಕಿಕೊಟ್ಟ ಕಾಯಂ ನಿಯಮಕ್ಕೆ ಲೇಖಕರು ಸಿಕ್ಕಿಹಾಕಿಕೊಂಡು ಒದ್ದಾಡಿದ್ದು ಅದು. ತಿಂಗಳ ಕೊನೆಯ ದಿನ ಅಂತ ಇಟ್ಟುಕೊಂಡಿದ್ದ ರೆನಾಲ್ಡ್ಸ್‌ಗೆ ಆ ತಾಪತ್ರಯವೇ ಇರಲಿಲ್ಲ!

ಎಲ್ಲಿಂದ ಶುರು ಮಾಡಬೇಕು ಅಂತ ಕೇಳುವವರಿಗೆ: ರೆನಾಲ್ಡ್ಸ್, ದ್ಯೂಮಾ, ಬೇರಿಂಗ್-ಗೋಲ್ಡ್ ಮೂವರದೂ ಹಳೇ ಪುಸ್ತಕಗಳ ಜಾಲತಾಣ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ, ಇಂಗ್ಲಿಷಿನಲ್ಲಿ. ಆದರೆ ನಾನು ಮೊದಲು ಕೊಡುವುದು ಅಲ್ಲೇ ಸಿಗುವ ಕ್ಲೆಮೆನ್ಸ್ ಹೌಸ್‌ಮನ್ ಅವರ ‘ದಿ ವೇರ್‌ವುಲ್ಫ್’. 1896ರಲ್ಲಿ ಪುಸ್ತಕವಾದ ಕಿರುಕಾದಂಬರಿ, ಒಂದೇ ಕೂರಿಕೆಯಲ್ಲಿ ಮುಗಿಯುತ್ತದೆ. ತಮ್ಮ ಲಾರೆನ್ಸ್ ಬರೆದ ಚಿತ್ರಗಳನ್ನು ಮರದ ಅಚ್ಚಿಗೆ ಕೆತ್ತಿದವರೂ ಕ್ಲೆಮೆನ್ಸ್ ಅವರೇ. ಹೆಂಗಸರಿಗೆ ಮತದ ಹಕ್ಕು ಕೊಡುವವರೆಗೆ ತೆರಿಗೆ ಕಟ್ಟುವುದಿಲ್ಲ ಅಂತ ಹಟ ಹಿಡಿದು 1911ರಲ್ಲಿ ಜೈಲಿಗೂ ಹೋಗಿ ಬಂದವರು.

ಅವರ ತೋಳ ಹೆಂಗಸು. ಬಿಳೀ ತುಪ್ಪಳದ ಬಟ್ಟೆ, ಸೊಂಟದಲ್ಲಿ ಕೊಡಲಿ, ನೋಡಿದವರು ಕಣ್ಣು ತೆಗೆಯದಂಥ ಚೆಲುವೆ. ಅವಳಿ ಸೋದರರಲ್ಲಿ ಒಬ್ಬ ಅವಳಿಗೆ ಮನಸೋಲುತ್ತಾನೆ. ಇನ್ನೊಬ್ಬನಿಗೆ ಮಾತ್ರ ಹೊಸ್ತಿಲವರೆಗೆ ಬಂದ ಹೆಜ್ಜೆಗುರುತು ಎಂಥದ್ದು ಅಂತ ಕಾಣುತ್ತದೆ. ಅವನ ಮಾತನ್ನು ಯಾರೂ ನಂಬುವುದಿಲ್ಲ, ಹೊಟ್ಟೆಕಿಚ್ಚು ಅನ್ನುತ್ತಾರೆ. ಆಮೇಲೆ ಹಿಮದ ಮೇಲೆ ಅವನೂ ಆ ಹೆಂಗಸೂ ರಾತ್ರಿಯಿಡೀ ಅಕ್ಕಪಕ್ಕದಲ್ಲಿ ಓಡುವ ಭಾಗ ಇದೆ. ಅದನ್ನು ನಾನು ಇಲ್ಲಿ ಹೇಳಿ ಕೆಡಿಸುವುದಿಲ್ಲ.

ಶುರು ಮಾತ್ರ ಹೇಳುತ್ತೇನೆ. ಚಳಿಗಾಲದ ರಾತ್ರಿ, ತೋಟದ ಮನೆಯ ದೊಡ್ಡ ಹಾಲ್, ಬೆಂಕಿಯ ಸುತ್ತ ಮನೆಮಂದಿ. ಬಾಗಿಲ ಹೊರಗಿಂದ ದನಿ ಕೇಳುತ್ತದೆ: ತೆಗೀರಿ, ಒಳಗೆ ಬಿಡಿ. ಮಗುವಿನ ದನಿ. ತೆಗೆದು ನೋಡಿದರೆ ಯಾರೂ ಇಲ್ಲ. ಸ್ವಲ್ಪ ಹೊತ್ತಿಗೆ ಮತ್ತೆ ಅದೇ ಮಾತು, ಈ ಸಲ ಮುದುಕನ ದನಿ. ಆಗಲೂ ಯಾರೂ ಇಲ್ಲ. ನಾವು ಚಿಕ್ಕವರಿದ್ದಾಗ ಬೀದಿಯ ಬಾಗಿಲುಗಳ ಮೇಲೆಲ್ಲ ಸೀಮೆಸುಣ್ಣದಲ್ಲಿ ‘ನಾಳೆ ಬಾ’ ಅಂತ ಬರೆದಿರುತ್ತಿತ್ತು. ರಾತ್ರಿ ಗುರುತಿನವರ ದನಿಯಲ್ಲಿ ಕರೆಯುತ್ತದೆ, ಓಗೊಡಬೇಡಿ ಅಂತ ದೊಡ್ಡವರು ಹೇಳುತ್ತಿದ್ದರು. ಹೌಸ್‌ಮನ್ ಅವರ ತೋಟದ ಮನೆಯವರಿಗೆ ಇದನ್ನು ಹೇಳಿಕೊಡುವವರು ಯಾರೂ ಇರಲಿಲ್ಲ. ಮತ್ತೊಮ್ಮೆ ದನಿ ಕೇಳಿತು. ಎದ್ದು ಹೋಗಿ ಬಾಗಿಲು ತೆಗೆದರು.